ದಾರಿ ನೋಡಿ ಎಂಜಿನ್ ಆರಿಸಿ

ಸಣ್ಣ ಕಾರು ಕೊಳ್ಳಲು ಶೋರೂಮಿಗೆ ಹೋದವರು ಬೆಲೆ ಕೇಳಿದ ಮರುಕ್ಷಣ ಕೇಳುವುದು ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು. ಇಪ್ಪತ್ನಾಲ್ಕು, ಇಪ್ಪತ್ತೈದು ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಕಾರು ಮನೆಗೆ ಬಂದು ನಾಲ್ಕಾರು ತಿಂಗಳಾದ ಮೇಲೆ ಅದು ಹದಿನೇಳು ಹದಿನೆಂಟಕ್ಕೆ ನಿಂತಾಗ ಮೋಸ ಹೋದೆವೆನ್ನುವ ಬೇಸರ ಶುರುವಾಗುತ್ತದೆ. ಕೆಲವರು ಸರ್ವಿಸ್ ಸೆಂಟರಿಗೆ ಅಲೆಯುತ್ತಾರೆ, ಕೆಲವರು ಬಂಕ್ ಬದಲಾಯಿಸುತ್ತಾರೆ. ಆದರೆ ಶೋರೂಮಿನ ಆ ಸಂಖ್ಯೆ ಹುಟ್ಟಿದ ದಾರಿಯೇ ಬೇರೆ, ನಿಮ್ಮ ಕಾರು ದಿನವೂ ಓಡುವ ದಾರಿಯೇ ಬೇರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಓದುಗರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ನಾಲ್ಕೂ ಊರುಗಳು ಬೆಂಗಳೂರಿನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದರೂ ಅಲ್ಲಿಗೆ ಹೋಗುವ ದಾರಿಗಳ ಗುಣ ಒಂದಕ್ಕೊಂದು ಹೋಲುವುದಿಲ್ಲ. ಹಾಗಾಗಿ ನಾಲ್ಕೂ ಊರಿಗೆ ಸರಿಹೊಂದುವ ಒಂದು ‘ಒಳ್ಳೆ ಮೈಲೇಜ್ ಕಾರು’ ಇಲ್ಲ. ಮೊದಲು ದಾರಿಯನ್ನೂ ತಿಂಗಳಿಗೆ ಓಡುವ ಕಿಲೋಮೀಟರನ್ನೂ ಲೆಕ್ಕ ಹಾಕಿ, ಆಮೇಲೆ ಎಂಜಿನ್ ಆರಿಸಬೇಕು ಎಂಬುದು ಈ ಲೇಖನದ ವಾದ.

ಶೋರೂಮಿನ ಸಂಖ್ಯೆ ಎಲ್ಲಿಂದ ಬಂತು?

ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ಮೈಲೇಜು ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಸಂಸ್ಥೆಗಳ ಪ್ರಯೋಗಾಲಯದಲ್ಲಿ ಅಳೆದದ್ದು. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ವೇಗಗಳಲ್ಲಿ 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಕಡಿಮೆ ಹೊತ್ತು ಓಡಿಸುತ್ತಾರೆ. ಈ ಓಟದ ದೂರ ಹತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ ವೇಗ 32 ಕಿ.ಮೀ. ಆಸುಪಾಸು. ಎ.ಸಿ. ಆಫ್ ಆಗಿರುತ್ತದೆ. ಏರು, ಹಂಪು, ಎದುರುಗಾಳಿ, ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ಸಾಮಾನು ಯಾವುದೂ ಅಲ್ಲಿಲ್ಲ. ಎಲ್ಲ ಕಾರುಗಳನ್ನೂ ಒಂದೇ ರೀತಿ ಅಳೆಯುವುದರಿಂದ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಆ ಸಂಖ್ಯೆ ಒಳ್ಳೆಯ ಸಾಧನ. ನಿಮ್ಮ ತಿಂಗಳ ಪೆಟ್ರೋಲ್ ಖರ್ಚನ್ನು ಅದು ಹೇಳಲಾರದು. ಅಂದಾಜು ಬೇಕೇ ಬೇಕೆಂದರೆ ಅದರ ಮುಕ್ಕಾಲು ಪಾಲಿನಿಂದ ಲೆಕ್ಕ ಶುರುಮಾಡಿ. 24 ಎಂದರೆ 18 ಎಂದುಕೊಂಡರೆ ಮುಂದೆ ನಿರಾಸೆಯಾಗದು.

ಇನ್ನೊಂದು ಕಡೆಯೂ ಸಂಖ್ಯೆ ದಾರಿ ತಪ್ಪಿಸುತ್ತದೆ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಯೋಚಿಸುವುದು ನಮಗೆ ರೂಢಿಯಾಗಿದೆ, ಆದರೆ ಜೇಬಿನಿಂದ ಹಣ ಹೋಗುವುದು ಇಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬ ಲೆಕ್ಕದಲ್ಲಿ. 10 ಕೊಡುವ ಕಾರು 12 ಕೊಡತೊಡಗಿದರೆ ಸಾವಿರ ಕಿಲೋಮೀಟರಿಗೆ ಹದಿನಾರು ಲೀಟರಿಗೂ ಹೆಚ್ಚು ಉಳಿಯುತ್ತದೆ. 20ರ ಕಾರು 22 ಆದರೆ ಉಳಿಯುವುದು ನಾಲ್ಕೂವರೆ ಲೀಟರ್ ಮಾತ್ರ. ಎರಡೂ ಕಡೆ ವ್ಯತ್ಯಾಸ ‘ಎರಡು ಕಿಲೋಮೀಟರ್’ ಎಂದೇ ಕಾಣುತ್ತದೆ. ಸಣ್ಣ ಕಾರುಗಳೆಲ್ಲ ಈ ಇಪ್ಪತ್ತರ ಆಸುಪಾಸಿನಲ್ಲೇ ಇರುವುದರಿಂದ, ಅವುಗಳ ನಡುವಿನ ಒಂದೆರಡು ಕಿಲೋಮೀಟರ್ ವ್ಯತ್ಯಾಸಕ್ಕೆ ಕಾರು ಕೊಳ್ಳುವವರು ಕೊಡುವ ಮಹತ್ವ ಅದಕ್ಕೆ ಸಲ್ಲಬೇಕಾದುದಕ್ಕಿಂತ ಬಹಳ ಹೆಚ್ಚು.

ನಾಲ್ಕು ಊರು, ನಾಲ್ಕು ಬಗೆಯ ದಾರಿ

ರಾಮನಗರ ಮತ್ತು ಚನ್ನಪಟ್ಟಣದವರ ಪಾಲಿಗೆ ಲೆಕ್ಕ ಬದಲಾದದ್ದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಿಂದ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಸ್ತೆ ಬಿಡದಿಯನ್ನೂ, ರಾಮನಗರ–ಚನ್ನಪಟ್ಟಣಗಳನ್ನೂ ಬೈಪಾಸ್ ಮಾಡಿ ಸಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಕಾರುಗಳ ವೇಗಮಿತಿ ಗಂಟೆಗೆ 100 ಕಿ.ಮೀ. ಇಲ್ಲಿ ಹಂಪಿಲ್ಲ, ಸಿಗ್ನಲ್ಲಿಲ್ಲ, ಕ್ಲಚ್ಚಿಗೆ ಕೆಲಸವಿಲ್ಲ. ಹಾಗಿದ್ದರೆ ಮೈಲೇಜು ಏರಬೇಕಲ್ಲ ಎನ್ನಿಸುತ್ತದೆ. 80ರಲ್ಲಿ ಹೋದರೆ ಖಂಡಿತ ಏರುತ್ತದೆ. 100ರಲ್ಲಿ ಹೋದರೆ ಗಾಳಿ ಅದನ್ನು ಕಿತ್ತುಕೊಳ್ಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಹೆಚ್ಚು, 120ಕ್ಕೆ ಹೋದರೆ ಎರಡೂಕಾಲು ಪಟ್ಟು. ಸಣ್ಣ ಕಾರಿನಲ್ಲಿ 80ರ ಬದಲು 100ರಲ್ಲಿ ಓಡಿಸಿದರೆ ಸಾಮಾನ್ಯವಾಗಿ ಐದನೇ ಒಂದರಿಂದ ಕಾಲು ಭಾಗದಷ್ಟು ಇಂಧನ ಹೆಚ್ಚು ಬೇಕು. ಉಳಿಯುವ ಸಮಯವೆಷ್ಟು? ಮೂವತ್ತು ಕಿಲೋಮೀಟರಿಗೆ ನಾಲ್ಕೂವರೆ ನಿಮಿಷ. ಅಷ್ಟೂ ಹೊತ್ತು ಕೆಂಗೇರಿಯ ಹತ್ತಿರದ ವಾಹನ ಸಾಲಿನಲ್ಲಿ ಕರಗಿಹೋಗಬಹುದು.

ಮಾಗಡಿಯ ದಾರಿ ಇದಕ್ಕೆ ತದ್ವಿರುದ್ಧ. ತಾವರೆಕೆರೆಯ ಮೇಲೆ ಬೆಂಗಳೂರಿಗೆ ಹೋಗುವಾಗ ಊರು, ತಿರುವು, ಹಂಪು, ಎದುರಿನಿಂದ ಬರುವ ಬಸ್ಸು, ಹೀಗೆ 40ಕ್ಕೂ 60ಕ್ಕೂ ನಡುವೆ ವೇಗ ಏರಿಳಿಯುತ್ತಲೇ ಇರುತ್ತದೆ. ಇಲ್ಲಿ ಗಾಳಿ ಶತ್ರುವಲ್ಲ, ಬ್ರೇಕು ಶತ್ರು. ಪ್ರತಿ ಹಂಪಿನಲ್ಲೂ ಕಾರಿನ ಚಲನೆಯ ಶಕ್ತಿಯನ್ನು ಬ್ರೇಕಿನ ಬಿಸಿಯಾಗಿ ಕಳೆದು, ಮತ್ತೆ ಪೆಟ್ರೋಲ್ ಸುಟ್ಟು ಅದನ್ನು ಪಡೆಯುತ್ತೇವೆ. ಕಾರು ಹಗುರವಾಗಿದ್ದಷ್ಟೂ ಈ ನಷ್ಟ ಕಡಿಮೆ. ಕನಕಪುರದವರ ದಾರಿ ಇವೆರಡರ ನಡುವಿನದು. ಬೆಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ, ಸಂಗಮದ ಕಡೆಗೆ ತಿರುವು ಮತ್ತು ಇಳಿಜಾರು. ಇನ್ನೊಂದು ಸಂಗತಿ ಲೆಕ್ಕದಲ್ಲಿರಲಿ: ಚನ್ನಪಟ್ಟಣ, ರಾಮನಗರಗಳಿಗೆ ರೈಲಿದೆ, ಕನಕಪುರ, ಮಾಗಡಿಗಳಿಗೆ ಇಲ್ಲ. ದಿನವೂ ರೈಲಿನಲ್ಲಿ ಹೋಗಿ ಭಾನುವಾರ ಮಾತ್ರ ಕಾರು ತೆಗೆಯುವ ಚನ್ನಪಟ್ಟಣದ ಮನೆಗೂ, ಆಸ್ಪತ್ರೆಗೂ ಮದುವೆಗೂ ಕೆಲಸಕ್ಕೂ ಕಾರನ್ನೇ ನೆಚ್ಚಿದ ಮಾಗಡಿಯ ಮನೆಗೂ ವರ್ಷದ ಓಟದಲ್ಲಿ ಅಜಗಜಾಂತರವಿರುತ್ತದೆ. ಎಂಜಿನ್ ಆಯ್ಕೆಯಲ್ಲಿ ನಿರ್ಣಾಯಕವಾಗುವುದು ಈ ಓಟದ ಲೆಕ್ಕವೇ.

ಕಣ್ಣಿಗೆ ಕಾಣದ ಮತ್ತೊಂದು ಅಂಶ ಎತ್ತರ. ಬೆಂಗಳೂರು ಮತ್ತು ಮಾಗಡಿ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿವೆ. ರಾಮನಗರ, ಚನ್ನಪಟ್ಟಣ ಸುಮಾರು 750 ಮೀಟರಿನ ಆಸುಪಾಸಿನಲ್ಲಿವೆ, ಕನಕಪುರ ಸುಮಾರು 640. ಅಂದರೆ ರಾಮನಗರದಿಂದ ಬೆಂಗಳೂರಿಗೆ ಹೋಗುವ ಕಾರು 170 ಮೀಟರ್ ಮೇಲೇರುತ್ತದೆ. ಜನರನ್ನು ಹೊತ್ತು 1,200 ಕೆ.ಜಿ. ತೂಗುವ ಕಾರನ್ನು ಅಷ್ಟೆತ್ತರ ಏರಿಸಲು ಸುಮಾರು 200 ಮಿಲಿಲೀಟರ್ ಪೆಟ್ರೋಲ್ ಹೆಚ್ಚುವರಿಯಾಗಿ ಬೇಕು. ಐವತ್ತು ಕಿಲೋಮೀಟರ್ ಪಯಣಕ್ಕೆ ಎರಡೂವರೆ ಲೀಟರ್ ಕುಡಿಯುವ ಕಾರಿಗೆ ಇದು ಶೇ 8ರಷ್ಟು. ಹೋಗುವಾಗ 18 ತೋರಿಸಿದ ಕಾರು ಬರುವಾಗ 21 ತೋರಿಸಿದರೆ ಎಂಜಿನ್ನಿನಲ್ಲಿ ದೋಷ ಹುಡುಕಬೇಡಿ. ಕನಕಪುರದವರಿಗೆ ಈ ಅಂತರ ಇನ್ನೂ ಹೆಚ್ಚು. ಮಾಗಡಿಯವರಿಗೆ ಬೆಂಗಳೂರಿನ ದಾರಿಯಲ್ಲಿ ಅದು ಗಣನೆಗೇ ಬಾರದು, ರಾಮನಗರಕ್ಕೆ ಇಳಿದು ಹತ್ತುವಾಗ ಮಾತ್ರ ಗೊತ್ತಾಗುತ್ತದೆ.

ಯಾವ ಎಂಜಿನ್ ಯಾರಿಗೆ?

ನಮ್ಮ ಸಣ್ಣ ಕಾರುಗಳ ಎಂಜಿನ್ನುಗಳೆಲ್ಲ 998, 1,197, 1,199 ಸಿಸಿಗಳಲ್ಲೇ ಯಾಕೆ ಗುಂಪುಗಟ್ಟಿವೆ? ಕಾರಣ ತೆರಿಗೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗೆ ಮೀರದ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1,500 ಸಿಸಿ ಒಳಗಿನ ಡೀಸೆಲ್ ಎಂಜಿನ್ ಇರುವ ಕಾರುಗಳಿಗೆ ಕಡಿಮೆ ಸುಂಕ ವಿಧಿಸಲಾಯಿತು. ಆ ಗೆರೆ ಇಂದಿಗೂ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಹಾಗಾಗಿ ಆಯ್ಕೆಯ ಕಣ ಚಿಕ್ಕದು, ಅದರೊಳಗಿನ ವ್ಯತ್ಯಾಸ ತಿಳಿದರೆ ಸಾಕು.

ಮೊದಲ ಪ್ರಶ್ನೆ ಒಂದು ಲೀಟರೋ, 1.2 ಲೀಟರೋ ಎಂಬುದು. ಪೆಟ್ರೋಲ್ ಎಂಜಿನ್ ಅರ್ಧಂಬರ್ಧ ಕೆಲಸ ಮಾಡುವಾಗ ಗಾಳಿಯನ್ನು ಕಿರಿದಾದ ಬಾಗಿಲಿನಿಂದ ಎಳೆದುಕೊಳ್ಳಲು ಒದ್ದಾಡುತ್ತದೆ. ಆ ಒದ್ದಾಟಕ್ಕೇ ಇಂಧನ ಖರ್ಚಾಗುತ್ತದೆ. ನಿಧಾನದ ದಾರಿಯಲ್ಲಿ ದೊಡ್ಡ ಎಂಜಿನ್ ಹೆಚ್ಚು ಹೊತ್ತು ಹೀಗೆ ಅರ್ಧ ಕೆಲಸದಲ್ಲಿರುತ್ತದೆ, ಚಿಕ್ಕದು ತನ್ನ ಶಕ್ತಿಗೆ ತಕ್ಕ ಕೆಲಸದಲ್ಲಿರುತ್ತದೆ. ಆದ್ದರಿಂದ ಮಾಗಡಿಯಂಥ ದಾರಿಗೆ, ಇಬ್ಬರು ಮೂವರು ಓಡಾಡುವ ಮನೆಗೆ, ಆಲ್ಟೊ ಕೆ10, ಸೆಲೆರಿಯೊ, ವ್ಯಾಗನ್ ಆರ್‌ನಲ್ಲಿರುವ 998 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಧಾರಾಳವಾಗಿ ಸಾಕು. ಸಿಲಿಂಡರ್ ಕಡಿಮೆಯಾದಷ್ಟೂ ಉಜ್ಜುವ ಭಾಗಗಳು ಕಡಿಮೆ, ತಿಕ್ಕಾಟದ ನಷ್ಟ ಕಡಿಮೆ. 2024ರ ಮೇ ತಿಂಗಳಿನಲ್ಲಿ ಬಂದ ಹೊಸ ಸ್ವಿಫ್ಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಹಳೆಯದರಲ್ಲಿ ನಾಲ್ಕು ಸಿಲಿಂಡರಿನ 1,197 ಸಿಸಿ ಎಂಜಿನ್ನಿಗೆ ಲೀಟರಿಗೆ 22.38 ಕಿ.ಮೀ. ಎಂದು ಘೋಷಣೆಯಾಗಿತ್ತು. ಅಷ್ಟೇ ಸಿಸಿಯ ಮೂರು ಸಿಲಿಂಡರಿನ ಹೊಸ ಎಂಜಿನ್ 24.80ಕ್ಕೆ ಏರಿತು. ಬದಲಿಗೆ ಶಕ್ತಿ 90 ಪಿಎಸ್‌ನಿಂದ 82ಕ್ಕೆ ಇಳಿಯಿತು, ನಿಂತಲ್ಲಿ ಸಣ್ಣ ನಡುಕ ಸೇರಿಕೊಂಡಿತು.

‘ಹಾಗಾದರೆ ಎಲ್ಲರೂ ಒಂದು ಲೀಟರನ್ನೇ ಕೊಳ್ಳಬಹುದಲ್ಲ?’ ಎಂದು ಕೇಳಬಹುದು. ಇಲ್ಲ ಎನ್ನಲು ಕಾರಣಗಳಿವೆ. ವ್ಯಾಗನ್ ಆರ್ ಎರಡೂ ಎಂಜಿನ್ನುಗಳಲ್ಲಿ ಸಿಗುತ್ತದೆ. ಮ್ಯಾನುಯಲ್ ಗೇರಿನಲ್ಲಿ ಒಂದು ಲೀಟರಿನದಕ್ಕೆ 24.35, 1.2 ಲೀಟರಿನದಕ್ಕೆ 23.56 ಕಿ.ಮೀ. ಎಂದು ಕಂಪನಿ ಹೇಳಿದೆ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಸಾವಿರ ಕಿಲೋಮೀಟರಿಗೆ ವ್ಯತ್ಯಾಸ 140 ರೂಪಾಯಿಯೂ ಇಲ್ಲ. ಐದು ಜನ ಕೂತು, ಎ.ಸಿ. ಹಾಕಿ, ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಬೇಕಾದಾಗ ಕೈಯಲ್ಲಿ ಹೆಚ್ಚಿನ ಶಕ್ತಿ ಇರುವುದು ಸುರಕ್ಷತೆಯ ಪ್ರಶ್ನೆ. ತಿಂಗಳಿಗೆ ನೂರೈವತ್ತು ರೂಪಾಯಿಗೆ ಆ ಸುರಕ್ಷತೆಯನ್ನು ಬಿಟ್ಟುಕೊಡುವುದು ಉಳಿತಾಯವೆನಿಸದು. ರಾಮನಗರ, ಚನ್ನಪಟ್ಟಣ, ಕನಕಪುರದಿಂದ ಸಂಸಾರ ಸಮೇತ ಓಡಾಡುವವರು 1.2 ಲೀಟರನ್ನು ಆರಿಸುವುದು ಮೇಲು. ಹೆದ್ದಾರಿಯಲ್ಲೇ ಹೆಚ್ಚು ಓಡುವವರು ಸಿಸಿಗಿಂತ ಕಾರಿನ ಮೈಕಟ್ಟನ್ನು ಮೊದಲು ನೋಡಬೇಕು. ಎತ್ತರದ, ಪೆಟ್ಟಿಗೆಯಾಕಾರದ ಕಾರು 100ರ ವೇಗದಲ್ಲಿ ತಗ್ಗಿನ, ನಯವಾದ ಕಾರಿಗಿಂತ ಹೆಚ್ಚು ಗಾಳಿಯನ್ನು ತಳ್ಳಬೇಕಾಗುತ್ತದೆ.

ಸಿಸಿ ಕಡಿಮೆಯಾದರೆ ಮೈಲೇಜ್ ಹೆಚ್ಚು ಎಂಬ ನಂಬಿಕೆ ಟರ್ಬೊ ಎಂಜಿನ್ನಿನಲ್ಲಿ ಪೂರ್ತಿ ಕೈಕೊಡುತ್ತದೆ. ಫ್ರಾಂಕ್ಸ್ ಕಾರಿನಲ್ಲಿ ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ನಿಗೆ ಮ್ಯಾನುಯಲ್ ಗೇರಿನಲ್ಲಿ 21.79, ಟರ್ಬೊ ಇರುವ ಒಂದು ಲೀಟರಿನದಕ್ಕೆ 21.50. ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ, ಜೊತೆಗೆ ಹೆಚ್ಚು ಪೆಟ್ರೋಲನ್ನೂ ಬೇಡುತ್ತದೆ. ಏರು, ಪೂರ್ತಿ ಲೋಡು, ಓವರ್‌ಟೇಕ್ ಹೆಚ್ಚಿರುವವರಿಗೆ ಅದು ಹೇಳಿಮಾಡಿಸಿದ್ದು. ಮೈಲೇಜಿಗಾಗಿ ಟರ್ಬೊ ಕೊಳ್ಳುವುದಕ್ಕೆ ಮಾತ್ರ ಅರ್ಥವಿಲ್ಲ. ಅದೇ ಕಾರಿನಲ್ಲಿ ಗೇರ್‌ಬಾಕ್ಸಿನ ಪಾಠವೂ ಇದೆ: 1.2ರ ಎಎಂಟಿಗೆ 22.89, ಟರ್ಬೊವಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ಕಿಗೆ 20.01. ಎಎಂಟಿ ಎಂದರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಅದು ಸಮಯಕ್ಕೆ ಸರಿಯಾಗಿ ಮೇಲಿನ ಗೇರಿಗೆ ಹೋಗುವುದರಿಂದ ‘ಆಟೊಮ್ಯಾಟಿಕ್ ಪೆಟ್ರೋಲ್ ಕುಡಿಯುತ್ತೆ’ ಎಂಬ ಹಳೆಯ ಮಾತು ಎಎಂಟಿಗೆ ಅನ್ವಯಿಸದು. ಆದರೆ ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕಾರು ಹಿಂದಕ್ಕೆ ಜಾರಬಹುದು. ಏರು ಹಿಡಿಯುವ ಸೌಲಭ್ಯ ಆ ಮಾದರಿಯಲ್ಲಿದೆಯೇ ಎಂದು ಕೇಳಿಯೇ ಕೊಳ್ಳಿ.

ಸಿಎನ್‌ಜಿ: ಅಗ್ಗವೇ, ಆದರೆ ಎಲ್ಲರಿಗೂ ಅಲ್ಲ

ಸಿಎನ್‌ಜಿ ಕಾರಿನ ಜಾಹೀರಾತಿನಲ್ಲಿ 32, 34 ಎಂಬ ಸಂಖ್ಯೆ ನೋಡಿ ಅದನ್ನು ಪೆಟ್ರೋಲಿನ 24ರ ಪಕ್ಕ ಇಡಬೇಡಿ. ಒಂದು ಕಿಲೋಗೆ, ಇನ್ನೊಂದು ಲೀಟರಿಗೆ. ಒಂದು ಕಿಲೋ ಅನಿಲದಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಹೆಚ್ಚು ಶಕ್ತಿ ಇರುವುದರಿಂದಲೇ ಆ ಸಂಖ್ಯೆ ದೊಡ್ಡದು. ಹೋಲಿಸಬೇಕಾದದ್ದು ಕಿಲೋಮೀಟರಿಗೆ ತಗಲುವ ರೂಪಾಯಿಯನ್ನು. ಒಂದು ಲೆಕ್ಕ ಮಾಡಿ ನೋಡೋಣ. ಪೆಟ್ರೋಲ್ 100 ರೂಪಾಯಿ, ರಸ್ತೆಯಲ್ಲಿ ಸಿಗುವ ಮೈಲೇಜ್ 20. ಸಿಎನ್‌ಜಿ ಕಿಲೋಗೆ 90 ರೂಪಾಯಿ, ಮೈಲೇಜ್ 25. ಕಿಲೋಮೀಟರಿಗೆ ಪೆಟ್ರೋಲಿನಲ್ಲಿ 5 ರೂಪಾಯಿ, ಅನಿಲದಲ್ಲಿ 3.60. ಉಳಿತಾಯ 1.40. ಸಿಎನ್‌ಜಿ ಮಾದರಿಗೆ 90,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ ಆ ಹಣ ವಾಪಸಾಗಲು ಸುಮಾರು 64,000 ಕಿಲೋಮೀಟರ್ ಓಡಬೇಕು. ಕನಕಪುರದಿಂದ ಬೆಂಗಳೂರಿನ ಕಡೆಗೆ ದಿನವೂ ಹೋಗಿ ಬಂದು ವರ್ಷಕ್ಕೆ 15,000 ಕಿ.ಮೀ. ಓಡುವವರಿಗೆ ಇದು ನಾಲ್ಕು ವರ್ಷ ಚಿಲ್ಲರೆ. ರೈಲಿನಲ್ಲಿ ಓಡಾಡಿ ಕಾರನ್ನು ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡಿಸುವವರಿಗೆ ಹದಿಮೂರು ವರ್ಷ, ಅಷ್ಟು ಹೊತ್ತಿಗೆ ಕಾರಿಗೇ ವಯಸ್ಸಾಗಿರುತ್ತದೆ. ಇಲ್ಲಿರುವ ದರಗಳು ಲೆಕ್ಕಕ್ಕಾಗಿ ಹಿಡಿದವು, ನೀವು ಕೊಳ್ಳುವ ದಿನದ ದರ ಹಾಕಿ ಇದೇ ಭಾಗಾಕಾರ ಮಾಡಿ.

ಶಕ್ತಿಯ ವಿಷಯವೂ ಇದೆ. ಸಿಲಿಂಡರಿನೊಳಗೆ ಅನಿಲ ತಾನೇ ಜಾಗ ಹಿಡಿಯುವುದರಿಂದ ಒಳಬರುವ ಗಾಳಿ ಕಡಿಮೆಯಾಗುತ್ತದೆ. 82 ಪಿಎಸ್ ಇರುವ ಸ್ವಿಫ್ಟ್ ಅನಿಲದಲ್ಲಿ 70ಕ್ಕೆ ಇಳಿಯುತ್ತದೆ. ಒಂದು ಲೀಟರಿನ ಕಾರಿನಲ್ಲಿ ಐದು ಜನ ಕೂತು ಅನಿಲದಲ್ಲಿ ಏರು ಹತ್ತುವಾಗ ಗೇರ್ ಇಳಿಸಲೇಬೇಕು. ಇನ್ನು ಡಿಕ್ಕಿ. ಈ ಭಾಗದಲ್ಲಿ ಕಾರು ಜನರಿಗಷ್ಟೇ ಅಲ್ಲ, ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ, ತರಕಾರಿ ಹಣ್ಣನ್ನು ನೆಂಟರ ಮನೆಗೆ ಒಯ್ಯಲೂ ಬೇಕು. ಒಂದೇ ದೊಡ್ಡ ಸಿಲಿಂಡರ್ ಇರುವ ಕಾರಿನಲ್ಲಿ ಡಿಕ್ಕಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಟಾಟಾ 2023ರಲ್ಲಿ, ಆಮೇಲೆ ಹುಂಡೈ ತಂದ ಎರಡು ಚಿಕ್ಕ ಸಿಲಿಂಡರಿನ ವ್ಯವಸ್ಥೆಯಲ್ಲಿ ಒಂದಷ್ಟು ಜಾಗ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು, ನಿಮ್ಮ ದಿನದ ದಾರಿಯಲ್ಲಿರುವ ಸಿಎನ್‌ಜಿ ಬಂಕಿಗೆ ನೀವು ತುಂಬಿಸುವ ಹೊತ್ತಿಗೇ ಹೋಗಿ ಸಾಲು ಎಷ್ಟುದ್ದವಿದೆ, ಒತ್ತಡ ಸರಿಯಾಗಿ ಬರುತ್ತಿದೆಯೇ ಎಂದು ನೋಡಿ. ಅರ್ಧ ಗಂಟೆ ಸಾಲಿನಲ್ಲಿ ನಿಲ್ಲುವುದಾದರೆ, ಅನಿಲಕ್ಕಾಗಿ ಹತ್ತು ಕಿಲೋಮೀಟರ್ ಸುತ್ತುವುದಾದರೆ ಮೇಲಿನ ಲೆಕ್ಕ ಬುಡಮೇಲಾಗುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಕಡ್ಡಾಯ, ಆ ಖರ್ಚನ್ನೂ ಸೇರಿಸಿಕೊಳ್ಳಿ.

ಡೀಸೆಲ್ ಯಾಕೆ ಹಿಂದೆ ಸರಿಯಿತು?

‘ಡೀಸೆಲ್ ಲಿವಾ ಇಪ್ಪತ್ತರ ಮೇಲೆ ಕೊಡುತ್ತಿತ್ತು, ಅಂಥದ್ದು ಈಗ್ಯಾಕೆ ಇಲ್ಲ?’ ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಬರುವುದು ಸಹಜ. ಎಟಿಯೋಸ್ ಲಿವಾ 2011ರಿಂದ 2020ರವರೆಗೆ ಇಲ್ಲಿನ ಬಿಡದಿಯಲ್ಲೇ ತಯಾರಾದ ಸಣ್ಣ ಕಾರು. ಅದರ 1,364 ಸಿಸಿ ಡೀಸೆಲ್ ಎಂಜಿನ್ನಿಗೆ ಲೀಟರಿಗೆ 23.59 ಕಿ.ಮೀ. ಎಂದು ಘೋಷಣೆಯಾಗಿತ್ತು. ಡೀಸೆಲ್ ಎಂಜಿನ್ ಸ್ವಭಾವತಃ ಮಿತವ್ಯಯಿ, ಅನುಮಾನವಿಲ್ಲ. ಆದರೆ ಆ ಕಾಲದ ಲೆಕ್ಕಕ್ಕೆ ಎರಡು ಆಧಾರಗಳಿದ್ದವು. ಒಂದು, ಸರ್ಕಾರದ ನಿಯಂತ್ರಣದಿಂದಾಗಿ ಡೀಸೆಲ್ ದರ ಪೆಟ್ರೋಲಿಗಿಂತ ಬಹಳ ಕಡಿಮೆ ಇತ್ತು. 2014ರ ಅಕ್ಟೋಬರಿನಲ್ಲಿ ಆ ನಿಯಂತ್ರಣ ಹೋಯಿತು, ಅಂತರ ಕಿರಿದಾಯಿತು. ಎರಡು, 2020ರ ಏಪ್ರಿಲ್ 1ರಿಂದ ಬಂದ ಬಿಎಸ್–6 ನಿಯಮಕ್ಕೆ ಹೊಂದಿಸಲು ಡೀಸೆಲ್ ಎಂಜಿನ್ನಿಗೆ ದುಬಾರಿ ಉಪಕರಣ ಬೇಕಾಯಿತು. ಸಣ್ಣ ಕಾರಿನ ಬೆಲೆಗೆ ಆ ಭಾರ ಹೊರಲಾಗದೆ ಮಾರುತಿ ಡೀಸೆಲನ್ನೇ ಕೈಬಿಟ್ಟಿತು, ಲಿವಾವೂ ಆ ಹೊತ್ತಿಗೇ ನಿಂತಿತು. ಈಗಿನ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿದೆ. ಅದು ತುಂಬಿದಾಗ ಮಸಿ ಸುಟ್ಟುಹೋಗಲು ಕಾರು ಹದಿನೈದಿಪ್ಪತ್ತು ನಿಮಿಷ ಬಿಡದೆ ಒಳ್ಳೆಯ ವೇಗದಲ್ಲಿ ಓಡಬೇಕು. ದಿನವೂ ಹೆದ್ದಾರಿ ಹಿಡಿಯುವವರಿಗೆ ತೊಂದರೆಯಿಲ್ಲ. ಊರೊಳಗೆ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಂಡು ದೊಡ್ಡ ರಿಪೇರಿಗೆ ತರುತ್ತದೆ.

ಬಿಡದಿಯಲ್ಲೇ ಈಗ ತಯಾರಾಗುವ ಹೈಬ್ರಿಡ್ ಕಾರು ಹೈರೈಡರ್‌ಗೆ 27.97 ಕಿ.ಮೀ. ಎಂಬ ಘೋಷಣೆ ಇದೆ. ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದರಿಂದ ನಿಂತು ಹೊರಡುವ ದಾರಿಯಲ್ಲೇ ಅದರ ಲಾಭ ಹೆಚ್ಚು. ಆದರೆ ಅದು ನಾಲ್ಕು ಮೀಟರಿನ ಗೆರೆಯಾಚೆಯ ಕಾರು, ಬೆಲೆಯೂ ಬೇರೆ ಮಟ್ಟದ್ದು.

ನಿಮ್ಮ ಮೈಲೇಜನ್ನು ನೀವೇ ಅಳೆಯಿರಿ

ಈಗಿರುವ ಕಾರನ್ನಾಗಲಿ, ಕೊಳ್ಳಲಿರುವ ಮಾದರಿಯನ್ನೇ ಇಟ್ಟುಕೊಂಡ ನೆಂಟರ ಕಾರನ್ನಾಗಲಿ ಸರಿಯಾಗಿ ಅಳೆದರೆ ಹತ್ತು ಜಾಹೀರಾತು ಹೇಳದ್ದು ತಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜು ಸಾಮಾನ್ಯವಾಗಿ ಸ್ವಲ್ಪ ಉದಾರವಾಗಿರುತ್ತದೆ. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುವುದೇ ನಂಬಿಕೆಯ ವಿಧಾನ.

1. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ಸಮತಟ್ಟಾದ ಜಾಗದಲ್ಲಿ ತುಂಬಿಸಿ. ಗನ್ ತಾನಾಗಿ ‘ಟಕ್’ ಎಂದು ನಿಂತಲ್ಲಿಗೆ ಸಾಕು. ಅದರ ಮೇಲೆ ದುಂಡು ಮೊತ್ತಕ್ಕಾಗಿ ಇನ್ನಷ್ಟು ತುಂಬಿಸಿದರೆ ಲೆಕ್ಕ ಕೆಡುತ್ತದೆ. ಇಂಧನದ ಆವಿ ಹಿಡಿಯುವ ಡಬ್ಬಿಗೆ ಪೆಟ್ರೋಲ್ ನುಗ್ಗುವ ಅಪಾಯವೂ ಇದೆ.

2. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ.

3. ಕನಿಷ್ಠ 400 ಕಿಲೋಮೀಟರ್ ಓಡಿಸಿ. ಎತ್ತರದ ಲೆಕ್ಕ ಸಮವಾಗಬೇಕಾದರೆ ಹೋದಷ್ಟೇ ಬಂದಿರಬೇಕು. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ತುಂಬಿಸಿ ಅಲ್ಲೇ ಅಳೆದರೆ ಬರುವ ಸಂಖ್ಯೆ ಅರ್ಧ ಸತ್ಯ.

4. ಅದೇ ಪಂಪಿಗೆ ಮರಳಿ, ಮತ್ತೆ ಗನ್ ನಿಲ್ಲುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ.

5. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಒಂದು ಸಲದ ಅಳತೆಯಲ್ಲಿ ಗನ್ ಒಂದು ಲೀಟರ್ ಹಿಂದೆ ಮುಂದೆ ನಿಂತರೂ ಮೈಲೇಜು ಒಂದು ಕಿಲೋಮೀಟರ್ ಏರುಪೇರಾಗುತ್ತದೆ.

ಶೋರೂಮಿನವರು ಟೆಸ್ಟ್ ಡ್ರೈವಿಗೆ ತಮ್ಮ ಮುಂದಿನ ನೇರ ರಸ್ತೆಯಲ್ಲಿ ಎರಡು ಕಿಲೋಮೀಟರ್ ಕರೆದೊಯ್ದರೆ ಒಪ್ಪಬೇಡಿ. ನಿಮ್ಮ ಮನೆಯವರನ್ನೆಲ್ಲ ಕೂರಿಸಿ, ಎ.ಸಿ. ಹಾಕಿ, ನಿಮ್ಮದೇ ದಾರಿಯ ಒಂದು ಏರಿನಲ್ಲಿ, ಒಂದಷ್ಟು ಹಂಪುಗಳ ಮೇಲೆ ಓಡಿಸಿ ನೋಡಿ. ಎಷ್ಟು ಸಲ ಗೇರ್ ಇಳಿಸಬೇಕಾಯಿತು ಎಂಬುದು ಎಂಜಿನ್ ನಿಮಗೆ ಸಾಕೇ ಎಂಬುದಕ್ಕೆ ಉತ್ತರ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವುದು ಎಲ್ಲಕ್ಕಿಂತ ಅಪಾಯದ ತಪ್ಪು. ಕಾರ್ಬ್ಯುರೇಟರ್ ಕಾಲದಿಂದ ಉಳಿದುಬಂದ ಅಭ್ಯಾಸ ಇದು. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಬದುಕಿರಲು ಪೆಟ್ರೋಲ್ ಸುಡಲೇಬೇಕು. ಅಂದರೆ ಉಳಿಸಲು ಹೋಗಿ ಕಳೆದಂತೆ. ಅದಕ್ಕಿಂತ ಗಂಭೀರವಾದದ್ದು, ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಉದ್ದದ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೀಲಿ ತಿರುಗಿಸಿ ಎಂಜಿನ್ನನ್ನೇ ಆಫ್ ಮಾಡುವುದಂತೂ ಜೀವಕ್ಕೆ ಎರವಾಗುವ ಕೆಲಸ. ಬ್ರೇಕಿಗೆ ಸಿಗುವ ಸಹಾಯ ಎರಡು ಮೂರು ಸಲ ಒತ್ತುವುದರೊಳಗೆ ಮುಗಿಯುತ್ತದೆ, ಸ್ಟೀರಿಂಗ್ ಬಿಗಿಯುತ್ತದೆ. ಸಂಗಮದ ಕಡೆಗೆ ಇಳಿಯುವವರು ಎರಡನೆಯ ಮೂರನೆಯ ಗೇರಿನಲ್ಲಿ ಇಳಿಯಲಿ. ಪೆಟ್ರೋಲೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.

ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆಯೂ ನೋಡದಿರುವುದು ಮತ್ತೊಂದು. ಎಷ್ಟಿರಬೇಕೆಂದು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಕಾರು ನಿಂತು ಟೈರು ತಣ್ಣಗಿದ್ದಾಗಲೇ ನೋಡಬೇಕು. ನಿಂತ ಕಾರಿನಲ್ಲಿ ಎಂಜಿನ್ ಓಡುತ್ತಿದ್ದರೆ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಹೋಗುತ್ತದೆ. ಬೆಂಗಳೂರಿನ ಅಂಚಿನಲ್ಲಿ ಸಾಲು ಶುರುವಾಗುವಲ್ಲೇ ಇಳಿದು ಮೆಟ್ರೊ ಹಿಡಿಯುವುದು ಮೈಲೇಜಿನ ದೃಷ್ಟಿಯಿಂದಲೂ ಜಾಣತನ. ಕನಕಪುರ ರಸ್ತೆಗೆ 2021ರಿಂದ ರೇಷ್ಮೆ ಸಂಸ್ಥೆ ನಿಲ್ದಾಣವಿದೆ, ಮೈಸೂರು ರಸ್ತೆಗೆ 2023ರಿಂದ ಚಲ್ಲಘಟ್ಟ. ಕಾರು ನಿಲ್ಲಿಸಲು ಜಾಗ ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಹೆದ್ದಾರಿಯ ಟೋಲನ್ನೂ ಕಿಲೋಮೀಟರ್ ಖರ್ಚಿಗೆ ಸೇರಿಸಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 200 ಸಲ ದಾಟಲು ಸಿಗುತ್ತದೆ, ಆರಂಭದ ಆ ದರದಲ್ಲಿ ಸಲಕ್ಕೆ 15 ರೂಪಾಯಿ. ದಿನವೂ ಟೋಲ್ ದಾಟುವವರಿಗೆ ಯಾವ ಎಂಜಿನ್ ಆಯ್ಕೆಯೂ ಇಷ್ಟು ಉಳಿಸಲಾರದು.

‘ಪೆಟ್ರೋಲೇ ಕೆಟ್ಟಿದೆ, ಎಥನಾಲ್ ಬೆರೆಸಿ ಮೈಲೇಜ್ ಬಿತ್ತು’ ಎಂಬ ದೂರಿನಲ್ಲಿ ಸತ್ಯಾಂಶವಿದೆ, ಅದರ ಅಳತೆಯೂ ಇದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಶೇ 20 ಬೆರೆಸಿದಾಗ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಹಿಂದೆಯೇ ಶೇ 10 ಬೆರಕೆ ಇದ್ದುದರಿಂದ ಈಗಿನ ಹೆಚ್ಚುವರಿ ಇಳಿಕೆ ಅದರ ಅರ್ಧದಷ್ಟು. 20 ಕೊಡುತ್ತಿದ್ದ ಕಾರು 19ರ ಆಸುಪಾಸಿಗೆ ಬಂದರೆ ಕಾರಣ ಎಥನಾಲಾಗಿರಬಹುದು. 15ಕ್ಕೆ ಬಿದ್ದಿದ್ದರೆ ಬ್ರೇಕು ಹಿಡಿದುಕೊಂಡಿರುವುದು, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ಗು, ಕ್ಲಚ್ ಜಾರುತ್ತಿರುವುದು, ಇವನ್ನು ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

2023ರ ಏಪ್ರಿಲಿಗಿಂತ ಹಿಂದೆ ತಯಾರಾದ ಪೆಟ್ರೋಲ್ ಕಾರಾದರೆ ಆ ಮಾದರಿ ಶೇ 20 ಎಥನಾಲಿಗೆ ಹೊಂದುತ್ತದೆಯೇ ಎಂದು ಮಾಲೀಕರ ಕೈಪಿಡಿಯಲ್ಲಿ ಅಥವಾ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ. ಇಂಧನದ ರಬ್ಬರ್ ಪೈಪುಗಳನ್ನು ಬದಲಿಸಬೇಕಾದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು, ಸಿಲಿಂಡರಿನ ಮೇಲಿನ ಪರೀಕ್ಷೆಯ ದಿನಾಂಕವನ್ನು ಕಣ್ಣಾರೆ ಓದಿ. ಹಳೆಯ ಡೀಸೆಲ್ ಲಿವಾದಂಥ ಕಾರಿನ ಮೇಲೆ ಮನಸ್ಸಿದ್ದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ, ಓಡಿದ ಕಿಲೋಮೀಟರನ್ನು ಸರ್ವಿಸ್ ದಾಖಲೆಯೊಂದಿಗೆ ತಾಳೆ ಹಾಕಿ, ನೋಂದಣಿಯ ಹದಿನೈದು ವರ್ಷ ಯಾವಾಗ ಮುಗಿಯುತ್ತದೆಂದು ಎಣಿಸಿ. 2011ರ ಕಾರಿಗೆ ಅದು 2026. ಇಂಜೆಕ್ಟರ್, ಟರ್ಬೊ, ಕ್ಲಚ್ ಮೂರರಲ್ಲಿ ಒಂದು ಕೈಕೊಟ್ಟರೂ ಡೀಸೆಲಿನಲ್ಲಿ ವರ್ಷವಿಡೀ ಉಳಿಸಿದ್ದು ಒಂದೇ ಬಿಲ್ಲಿನಲ್ಲಿ ಹೋಗಬಹುದು. ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟದವರು ಅಷ್ಟೇ ಹಣಕ್ಕೆ ಸಿಗುವ, ಕಡಿಮೆ ಓಡಿದ ಪೆಟ್ರೋಲ್ ಕಾರನ್ನು ಹುಡುಕುವುದು ಒಳ್ಳೆಯದು.